ಕೋಳಿಗೆ ಜಾತಕ ಬರೆಸಿದ ಕಥೆ

ನಾನು ಕೋಳಿಗಳ ಡಿಎನ್‌ಎ ಪರೀಕ್ಷೆ ಮಾಡಿಸುವುದು ನೋಡಿ "ಕೋಳಿಗೂ ಜಾತಕ ಬರೆಸ್ತೀಯೇನೋ?" ಅಂತ ಸಂತೆಯಲ್ಲಿ ನಾಲ್ಕು ಜನರ ಮುಂದೆ ನಮ್ಮ ಮಾವ ನಕ್ಕಿದ್ದರು. ಹೋದ ತಿಂಗಳು ಅವರೇ ಬಂದು ಎರಡು ಹುಂಜ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೇಲೂರಿನ ಹತ್ತಿರ, ಕಾಫಿ ತೋಟದ ಅಂಚಿನಲ್ಲಿ, ನನ್ನ ತೊಂಬತ್ತು ನಾಟಿ ಹೇಟೆ, ಎಂಟು ಹುಂಜ ಮೇಯುತ್ತವೆ. ನಾವೆಲ್ಲ ಮಾಡುವುದೇನು? ದಪ್ಪ ಹುಂಜ ಉಳಿಸಿಕೊಂಡು ಮಿಕ್ಕಿದ್ದು ಮಾರುವುದು. ಆರು ವರ್ಷ ಹಾಗೇ ಮಾಡಿದೆ. ತೂಕ ಬಂತು, ಮೊಟ್ಟೆ ಮಾತ್ರ ವರ್ಷಕ್ಕೆ ಐವತ್ತು ದಾಟಲಿಲ್ಲ. ಹುಂಜ ಮೊಟ್ಟೆ ಇಡಲ್ಲ ಅಲ್ವಾ! ಅದರ ಗುಣವನ್ನು ಹೆಣ್ಣುಮಕ್ಕಳಲ್ಲಿ ನೋಡಬೇಕು. ಬಿಟ್ಟು ಮೇಯಿಸುವ ಹಿಂಡಿನಲ್ಲಿ ಯಾವ ಮರಿಗೆ ಯಾರು ಅಪ್ಪ, ಯಾರಿಗೆ ಗೊತ್ತು?

ಡಿಎನ್‌ಎ ಮಾಡಿಸೋಣ ಅಂತ ಹೊರಟೆ. ಮೊದಲ ಸಲ ರೆಕ್ಕೆಯಡಿಯಿಂದ ರಕ್ತ ತೆಗೆದು, ಕೈಗೆ ಸಿಕ್ಕಿದ ಹಸಿರು ಮುಚ್ಚಳದ ಟ್ಯೂಬಿಗೆ ಹಾಕಿ ಬೆಂಗಳೂರಿಗೆ ಕಳಿಸಿದೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಅನ್ನುವ ಮದ್ದು ಇರುತ್ತದಂತೆ, ಅದು ಅಡ್ಡ ಬಂದು ಪಿಸಿಆರ್ (ಲ್ಯಾಬಿನಲ್ಲಿ ಡಿಎನ್‌ಎಯ ನಕಲು ಹೆಚ್ಚಿಸುವ ಕೆಲಸ) ಓಡಲೇ ಇಲ್ಲ. ಹದಿನೆಂಟು ಸಾವಿರ ನೀರಿಗೆ ಹೋಯಿತು. ನೀವು ಹೆಪಾರಿನ್ ಇಲ್ಲದ ನೇರಳೆ ಮುಚ್ಚಳದ್ದೇ ಕೇಳಿ ತಗೊಳ್ಳಿ. ಎರಡನೇ ಸಲ ಫಿಲ್ಟರ್ ಪೇಪರಿನ ಮೇಲೆ ಒಂದೊಂದು ತೊಟ್ಟು ಹಾಕಿದೆ. ಕೋಳಿಯ ಕೆಂಪು ರಕ್ತಕಣದಲ್ಲೂ ಡಿಎನ್‌ಎ ತುಂಬಿದ ನ್ಯೂಕ್ಲಿಯಸ್ ಇರುವುದರಿಂದ ಅಷ್ಟೇ ಸಾಕು. ಆದರೆ ಅದು ಜುಲೈ. ನಮ್ಮ ಮಳೆ ಗೊತ್ತಲ್ಲ, ವಾರದಲ್ಲಿ ಪೇಪರಿನ ಮೇಲೆ ಬೂದಿ ಬಣ್ಣದ ಬೂಷ್ಟು. ಮೂರನೇ ಸಲ ಹುರಿದ ಅಕ್ಕಿ ತುಂಬಿದ ಡಬ್ಬಿಯಲ್ಲಿಟ್ಟು ಒಣಗಿಸಿದೆ. ಅದು ಕೈ ಹಿಡಿಯಿತು.

ಡಿಎನ್‌ಎಯನ್ನು ಸಾವಿರಾರು ಕಡೆ ಒಟ್ಟಿಗೇ ಓದುವ ಎಸ್‌ಎನ್‌ಪಿ ಚಿಪ್ಪನ್ನು ಎಲ್ಲಕ್ಕೂ ಓಡಿಸುವಷ್ಟು ದುಡ್ಡು ಎಲ್ಲಿದೆ? ಅಪ್ಪನ ಗುರುತಿಗೆ ಮೈಕ್ರೋಸ್ಯಾಟಲೈಟ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕು) ನೋಡಿದರೆ ಸಾಕಾಯಿತು, ಚಿಪ್ ಹುಂಜಗಳಿಗೆ ಮಾತ್ರ. ಅರವತ್ತು ಹೆಣ್ಣುಮರಿಗಳಲ್ಲಿ ಅರ್ಧದಷ್ಟು ನನ್ನ ದೊಡ್ಡ ಕೆಂಪು ಹುಂಜದವು. ಒಂದೂ ನೆಟ್ಟಗೆ ಮೊಟ್ಟೆ ಇಡುತ್ತಿರಲಿಲ್ಲ. ಆ ಕೆಂಪು ಹುಂಜವೂ ಇನ್ನೊಂದು ಹುಂಜವೂ ಅಣ್ಣತಮ್ಮಂದಿರಿಗಿಂತ ಹತ್ತಿರದ ನೆಂಟರು ಅಂತ ಚಿಪ್ ಹೇಳಿತು. ಹಿಂಡಿನಲ್ಲಿ ನೆಂಟರೊಳಗೇ ಕೂಡಿಕೆ ಆಗುತ್ತಿತ್ತು, ಮರಿ ಕಡಿಮೆ ಏಳುತ್ತಿದ್ದದ್ದು ಅದಕ್ಕೇ ಇರಬೇಕು. ಆರುನೂರಕ್ಕೆ ಮಾರಲು ಹೊರಟಿದ್ದ ಕುಂಟ ಹುಂಜಕ್ಕೆ ಒಂಬತ್ತೇ ಹೆಣ್ಣುಮಕ್ಕಳು, ಎಲ್ಲ ವರ್ಷಕ್ಕೆ ಎಂಬತ್ತು ಮೊಟ್ಟೆಯ ಮೇಲೆ! ಯಾವ ಮೊಟ್ಟೆ ಯಾವ ಹೇಟೆಯದು ಅಂತ ಹೇಗೆ ಹಿಡಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ನಡುವೆ ಒಂದು ಚಪಲ. ಸಾಕುಕೋಳಿಯ ಹಳದಿ ಕಾಲಿನ ಜೀನ್ ನಮ್ಮ ಕಾಡಿನ ಬೂದು ಕಾಡುಕೋಳಿಯಿಂದ ಬಂದದ್ದು ಅಂತ ವಿಜ್ಞಾನಿಗಳು 2008ರಲ್ಲೇ ತೋರಿಸಿದ್ದಾರೆ. ಬಿಳಿ ಕಾಲಿನ ಹುಂಜಗಳಲ್ಲೂ ಅದು ಅಡಗಿದೆಯಾ ಅಂತ ನೋಡಿಸಿದೆ. ಮೂರರಲ್ಲಿತ್ತು. ಹಳದಿ ಕಾಲಿನ ಹೇಟೆಗೆ ಬಿಟ್ಟು ಮರಿಗಳ ಕಾಲಿನ ಬಣ್ಣ ನೋಡಿದ್ದರೆ ಪುಕ್ಕಟೆ ಗೊತ್ತಾಗುತ್ತಿತ್ತು, ಸುಮ್ನೆ ದುಡ್ಡು ದಂಡ. ಬೋಳು ಕುತ್ತಿಗೆಯ ಜೀನಿಗಂತೂ ಲ್ಯಾಬೇ ಬೇಡ: ಬೋಳು ಕುತ್ತಿಗೆಯ ಮುಂದೆ ಪುಕ್ಕದ ಗೊಂಚಲು ಇದ್ದರೆ ಆ ಜೀನಿನ ಒಂದೇ ಪ್ರತಿ ಇದೆ ಅಂತ.

ಒಟ್ಟು ಎಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಈಗ ಕುಂಟನ ಮೊಮ್ಮಕ್ಕಳು ಎಪ್ಪತ್ತೈದರ ಆಸುಪಾಸು ಇಡುತ್ತಿವೆ.

ಮಾವ ಹುಂಜ ಆರಿಸಲು ಬಂದರಲ್ಲ, ಕೈ ತೋರಿಸಿದ್ದು ಮತ್ತೆ ದಪ್ಪನೆಯದರ ಕಡೆಗೇ.