ಭತ್ತದ ಲೆಕ್ಕದಲ್ಲಿ ಬೆಳೆದ ನಮ್ಮ ಶಾಲೆ

ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳೆಂಬ ವಲಸೆ ರೈತರ ಊರುಗಳಲ್ಲಿ ಖಾಸಗಿ ಶಾಲೆ ನಡೆಸುವವರಿಗೆ ಜೂನ್ ಶುಲ್ಕ ಬರುವ ತಿಂಗಳಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಸಂಬಳ ಎಲ್ಲವೂ ಆಗಲೇ ಬಾಯ್ತೆರೆದು ನಿಂತಿರುತ್ತವೆ. ಪಾಲಕರ ಕೈಯಲ್ಲಿದ್ದ ದುಡ್ಡು ಮಾತ್ರ ಬೀಜ, ಗೊಬ್ಬರ, ಸಸಿಮಡಿಗೆ ಹೋಗಿರುತ್ತದೆ. 2006ರಲ್ಲಿ ಶುರುವಾದ ಶಾಲೆ ಇನ್ನೂ ಹೇಗೆ ಉಳಿದಿದೆ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ನಮ್ಮ ಕ್ರೈಸ್ತ ಸಭೆಯ ಹಿರಿಯರು ಪ್ರಾರ್ಥನೆಯ ಫಲ ಎನ್ನುತ್ತಾರೆ. ನಾನೂ ಪ್ರಾರ್ಥಿಸುವವಳೇ, ಅಲ್ಲಗಳೆಯುವುದಿಲ್ಲ. ಆದರೆ ಖಾತೆ ಪುಸ್ತಕ ಬರೆಯುವವಳು ನಾನು.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು, ಇಲ್ಲಿನ ಎರೆಭೂಮಿ ಕೊಂಡು ನೆಲೆಸಿದ ಊರುಗಳೇ ಕ್ಯಾಂಪುಗಳು. ಅವರ ಬೆನ್ನಿಗೆ ಕೂಲಿಗೆ ಬಂದವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ನಮ್ಮ ಸಭೆ ಅವರದು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಹತ್ತಿರದ ಸರ್ಕಾರಿ ಶಾಲೆಗೆ ಹೋಗಲು ಉಪಕಾಲುವೆಯ ದಂಡೆ ಹಿಡಿದು ನಡೆಯಬೇಕಿತ್ತು. ತುಂಬಿ ಹರಿಯುವ ನೀರಿನ ಪಕ್ಕದಲ್ಲಿ ಐದು ವರ್ಷದ ಕೂಸನ್ನು ಯಾವ ತಾಯಿ ಒಂಟಿಯಾಗಿ ಕಳಿಸುತ್ತಾಳೆ? ಪ್ರಾರ್ಥನಾ ಮಂದಿರದ ತಗಡಿನ ಚಾವಣಿಯ ಕೆಳಗೆ ಒಂದನೆಯ ತರಗತಿ ಶುರುವಾದದ್ದು ಅಷ್ಟಕ್ಕೇ. ಭಾನುವಾರ ಬೆಂಚು ಸಭೆಗೆ, ಸೋಮವಾರದಿಂದ ಮಕ್ಕಳಿಗೆ.

ಕ್ರೈಸ್ತ ಶಾಲೆ ಎಂದರೆ ಈ ಸೀಮೆಯ ಜನರಿಗೆ ಬಳ್ಳಾರಿಯ ಹಳೆಯ ಶಾಲೆಗಳು ನೆನಪಾಗುತ್ತವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ. ವಾರ್ಡ್ಲಾ ಶಾಲೆ 1846ರದು. ನಮ್ಮ ಬೆನ್ನಿಗೆ ಅಂಥ ಯಾವ ಮಿಷನ್ನೂ ಇರಲಿಲ್ಲ. ವಿದೇಶದಿಂದ ಹಣ ಬರುತ್ತದೆ ಎಂಬ ಗುಸುಗುಸು ಮಾತ್ರ ಮೊದಲ ದಿನದಿಂದಲೂ ಇತ್ತು. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಹೊರದೇಶದ ಒಂದು ರೂಪಾಯಿ ದೇಣಿಗೆಯನ್ನೂ ಮುಟ್ಟುವಂತಿಲ್ಲ. ನಾವು ಎರಡನ್ನೂ ಪಡೆಯಲೇ ಇಲ್ಲ. ಕೇಳಿದವರ ಮುಂದೆ ಬ್ಯಾಂಕ್ ಪಾಸ್‌ಬುಕ್ ತೆರೆದಿಡುತ್ತಿದ್ದೆ. ನೋಡಿದವರು ಮರುಗಿ ಹೋಗುತ್ತಿದ್ದರು.

ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಸ್ಥೆ, ಕೃಷಿ ಜಮೀನಿನ ಭೂಪರಿವರ್ತನೆ, ಇಲಾಖೆಯ ನೋಂದಣಿ, ಆಮೇಲೆ ಮಾನ್ಯತೆ. ಈ ದಾರಿ ಎಲ್ಲರಿಗೂ ಒಂದೇ, ವಿವರಿಸಿ ಬೇಸರ ತರಿಸುವುದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಯಾದರೆ ಎಲ್ಲವೂ ಸಲೀಸು ಎಂಬ ಭ್ರಮೆ ಇದ್ದವರಿಗೆ ಒಂದು ಮಾತು: ಸಂವಿಧಾನದ 30ನೇ ವಿಧಿ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ, ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರವನ್ನು ಅದು ತಂದುಕೊಡುವುದಿಲ್ಲ.

ನಾವು ಆರಂಭಿಸಿದ್ದು ಕನ್ನಡ ಮಾಧ್ಯಮದಲ್ಲಿ. ಪಾಲಕರಿಗೆ ಬೇಕಾಗಿದ್ದದ್ದು ಇಂಗ್ಲಿಷ್. ಆದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ ಎನ್ನುವ 1994ರ ಭಾಷಾ ನೀತಿ ಜಾರಿಯಲ್ಲಿತ್ತು. ಕನ್ನಡಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಎರಡು ಸಾವಿರದಷ್ಟು ಶಾಲೆಗಳ ಮಾನ್ಯತೆ ರದ್ದುಪಡಿಸಲು ಸರ್ಕಾರ ಹೊರಟದ್ದು ನಾವು ಬಾಗಿಲು ತೆರೆದ ವರ್ಷವೇ. ಹೊರಗೆ ಒಂದು ಫಲಕ, ಒಳಗೆ ಇನ್ನೊಂದು ಪಾಠ ನಮಗೆ ಬೇಡವಾಗಿತ್ತು. ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು, ಹೋಗಲಿ ಎಂದೆವು. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಇನ್ನೊಂದು, ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. ಮೊದಲನೆಯದರ ಬಲದಿಂದ ಇಂಗ್ಲಿಷ್ ವಿಭಾಗ ತೆರೆದೆವು. ಕನ್ನಡ ವಿಭಾಗವನ್ನು ಮುಚ್ಚಲಿಲ್ಲ. ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಮೂರನೆಯ ತರಗತಿಯ ತನಕ ಕನ್ನಡ ಗಟ್ಟಿಯಾದರೆ ಇಂಗ್ಲಿಷ್ ತಾನಾಗಿ ಹಿಡಿತಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ, ಹಟವೆಂದರೂ ಸರಿ. ಎರಡನೆಯದು ಕೊಟ್ಟ ವಿನಾಯಿತಿಯನ್ನು ನಾವು ಪ್ರವೇಶದ ವಿಷಯದಲ್ಲಿ ಬಳಸಲಿಲ್ಲ. ಪ್ರವೇಶಕ್ಕೆ ಪರೀಕ್ಷೆ ಇಲ್ಲ, ವಂತಿಗೆ ಇಲ್ಲ.

ಈಗ ಶುಲ್ಕದ ವಿಷಯ. ನನ್ನ ಖಾತೆ ಪುಸ್ತಕದಲ್ಲಿ ತಿಂಗಳುಗಳ ಕಾಲಂ ಇಲ್ಲ. ಮಗುವಿನ ಹೆಸರು, ಅದರ ಮುಂದೆ ‘ಮೊದಲ ಬೆಳೆ’, ‘ಎರಡನೆಯ ಬೆಳೆ’, ಕೊನೆಗೆ ‘ಕೂಲಿ’. ಜೂನ್‌ನಲ್ಲಿ ಪುಸ್ತಕದ ಹಣ ಮಾತ್ರ. ಡಿಸೆಂಬರ್‌ನಲ್ಲಿ ಸೋನಾ ಮಸೂರಿ ಮಾರಿದ ಮೇಲೆ ದೊಡ್ಡ ಪಾಲು, ಬೇಸಿಗೆ ಬೆಳೆ ಕೊಯ್ದ ಮೇಲೆ ಉಳಿದದ್ದು. ಕೂಲಿಯವರು ನಾಟಿ ಮತ್ತು ಕೊಯ್ಲಿನ ವಾರಗಳಲ್ಲಿ ಕೈಗೆ ಬಂದಷ್ಟು ಕೊಡುತ್ತಾರೆ. ಆರಂಭದ ವರ್ಷಗಳಲ್ಲಿ ಭತ್ತವನ್ನೇ ತಂದು ಹಾಕಿದವರಿದ್ದರು. ಇಲ್ಲಿ ಭತ್ತದ ವ್ಯಾಪಾರ 75 ಕಿಲೋ ಚೀಲದ ಲೆಕ್ಕದಲ್ಲಿ. ಆ ದಿನದ ಮಾರುಕಟ್ಟೆ ಧಾರಣೆ ಕೇಳಿ, ರಸೀದಿಯಲ್ಲಿ ಚೀಲವನ್ನೂ ರೂಪಾಯಿಯನ್ನೂ ಬರೆದುಕೊಡುತ್ತಿದ್ದೆ. ತೇವ ಎಷ್ಟಿದೆ ಎಂದು ಹಲ್ಲಿನಲ್ಲಿ ಕಾಳು ಕಡಿದು ನೋಡುವುದನ್ನು ಬಿ.ಎಡ್. ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಲೆಕ್ಕ ಪರಿಶೋಧಕರಿಗೆ ಇದನ್ನು ಅರ್ಥಮಾಡಿಸುವುದು ಬೇರೆಯೇ ಸಾಹಸ.

ಶಿಕ್ಷಕರ ಸಂಬಳವೂ ಇದೇ ಹಾದಿಯಲ್ಲಿ ನಡೆಯುವಂತೆ ಮಾಡಿದ್ದರಿಂದ ನಾವು ಉಳಿದೆವು. ಡಿಸೆಂಬರ್‌ನಲ್ಲಿ ಬಂದ ಹಣದಲ್ಲಿ ನಾಲ್ಕು ತಿಂಗಳ ಸಂಬಳ ಬೇರೆ ಖಾತೆಗೆ ಹೋಗುತ್ತದೆ. ಅದನ್ನು ಗೋಡೆಗೂ ಮುಟ್ಟುವುದಿಲ್ಲ, ಗಂಟೆಗೂ ಮುಟ್ಟುವುದಿಲ್ಲ. 2023ರ ಬರದಲ್ಲಿ ಎರಡನೆಯ ಬೆಳೆಗೆ ನೀರಿಲ್ಲ ಎಂದು ಖಚಿತವಾದಾಗ ಪಾಲಕರ ಸಭೆ ಕರೆದೆವು. ಭತ್ತಕ್ಕೆ ಒಳ್ಳೆಯ ಧಾರಣೆ ಇತ್ತು, ಬೆಳೆದವರು ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟಿದರು. ಕೂಲಿಯವರದನ್ನು ಮುಂದಿನ ಮುಂಗಾರಿಗೆ ಬರೆದಿಟ್ಟೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಮರುದಿನ ನಾನು ಮಾಡಿದ ಮೊದಲ ಕೆಲಸ, ಎರಡು ಹೊಸ ಕೋಣೆಗೆ ಹೇಳಿದ್ದ ಸಿಮೆಂಟ್ ಬೇಡವೆಂದು ಫೋನ್ ಮಾಡಿದ್ದು. ತಾತ್ಕಾಲಿಕ ಗೇಟ್ ಕೂರಿಸಿ, ಮಳೆ ಮತ್ತೆ ಜಲಾಶಯ ತುಂಬಿಸಿದ ಮೇಲೆಯೇ ಗೋಡೆ ಎದ್ದದ್ದು.

ಮಕ್ಕಳಲ್ಲಿ ಕ್ರೈಸ್ತರು ಕಡಿಮೆ, ಹಿಂದೂ ಮತ್ತು ಮುಸ್ಲಿಂ ಮನೆಯವರೇ ಹೆಚ್ಚು. ಸತ್ಯವೇದ (ಬೈಬಲ್) ಪಾಠಕ್ಕೆ ಸಂವಿಧಾನದ 28ನೇ ವಿಧಿಯಂತೆ ಪಾಲಕರ ಒಪ್ಪಿಗೆ ಬೇಕು. ಪ್ರವೇಶದ ದಿನವೇ ಬೇರೆ ಹಾಳೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತೇವೆ. ಒಪ್ಪದವರಿಗೆ ಮುಜುಗರ ಆಗದಿರಲೆಂದು ಆ ಪಾಠವನ್ನು ಶುಕ್ರವಾರದ ಕೊನೆಯ ಅವಧಿಗೆ ಇಟ್ಟು, ಉಳಿದವರನ್ನು ಮೈದಾನಕ್ಕೆ ಬಿಟ್ಟೆವು. ಎರಡೇ ವಾರದಲ್ಲಿ ಪಾಸ್ಟರ್ ಮಗನೂ ಒಪ್ಪಿಗೆ ಹಿಂಪಡೆಯಬಹುದೇ ಎಂದು ಕೇಳಿದ. ಈಗ ಅದೇ ಹೊತ್ತಿಗೆ ಉಳಿದವರಿಗೆ ಚಿತ್ರಕಲೆ ಇದೆ. ದಸರಾ ರಜೆಯನ್ನು ಅಷ್ಟು ಕಡಿಮೆ ಮಾಡಿಕೊಂಡು ಕ್ರಿಸ್ಮಸ್ ರಜೆ ಪಡೆಯಲು ಕ್ರೈಸ್ತ ಶಾಲೆಗಳಿಗೆ ಅವಕಾಶವಿದೆ. ನಾವು ಅದನ್ನು ಕೇಳುವುದಿಲ್ಲ, ಮಹಾನವಮಿಗೆ ಅರ್ಧ ಶಾಲೆ ಹೇಗೂ ಖಾಲಿ.

ಶಿಕ್ಷಕರನ್ನು ಹಿಡಿದಿಡುವುದೇ ಬಗೆಹರಿಯದ ಸಮಸ್ಯೆ. ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಸರ್ಕಾರಿ ಹುದ್ದೆ ಸಿಗುತ್ತಿದೆ, ಸಂತೋಷ. 2022ರ ಪದವೀಧರ ಶಿಕ್ಷಕರ ನೇಮಕಾತಿಗೆ ಸಿದ್ಧತೆ ನಡೆದದ್ದು ನಮ್ಮ ಸಿಬ್ಬಂದಿ ಕೋಣೆಯಲ್ಲೇ. ಆಯ್ಕೆಯಾದವರಿಗೆ ಸಿಹಿ ಹಂಚಿ ಬೀಳ್ಕೊಟ್ಟು, ಅಂದು ಸಂಜೆಯೇ ಹೊಸಬರನ್ನು ಹುಡುಕಲು ಹೊರಟೆ. ಕ್ಯಾಂಪಿಗೆ ಸೊಸೆಯಾಗಿ ಬಂದ ಡಿ.ಎಡ್. ಓದಿದ ಹೆಣ್ಣುಮಕ್ಕಳು ನಿಲ್ಲುತ್ತಾರೆ ಎಂಬುದು ನನ್ನ ಅನುಭವ. ಮದುವೆ ಮನೆಗಳಲ್ಲಿ ನಾನು ಊಟಕ್ಕಿಂತ ಮೊದಲು ವಿಚಾರಿಸುವುದು ಮದುಮಗಳ ಓದನ್ನು.

ಈಗ ಏಳನೆಯ ತರಗತಿಯವರೆಗೆ ಇದೆ. ಪ್ರೌಢಶಾಲೆಗೆ ಅರ್ಜಿ ಹಾಕಿ ಎಂದು ಪಾಲಕರು ಬೆನ್ನುಬಿದ್ದಿದ್ದಾರೆ. ಗಣಿತಕ್ಕೂ ವಿಜ್ಞಾನಕ್ಕೂ ನಿಲ್ಲುವಂಥ ಇಬ್ಬರು ಸಿಗುವ ತನಕ ಹಾಕುವುದಿಲ್ಲ ಎಂದಿದ್ದೇನೆ. ಸದ್ಯಕ್ಕೆ ಏಳು ಮುಗಿಸಿದವರು ಬಸ್ಸಿನಲ್ಲಿ ಸಿಂಧನೂರಿಗೆ ಹೋಗುತ್ತಾರೆ.