ಚಳಿಗಾಲದ ಕತ್ತಲಲ್ಲಿ ಹಳ್ಳಿ ರಸ್ತೆಗೆ ಸೈಕಲ್ ಇಳಿಸುವ ಮುಂಚೆ

ಜನವರಿಯಲ್ಲಿ ಬೆಂಗಳೂರಿಗೆ ಬೆಳಕಾಗುವುದೇ ಆರೂವರೆ ಹೊತ್ತಿಗೆ. ನಂದಿ ಬೆಟ್ಟಕ್ಕೆ ಅಂತ ನಾಲ್ಕೂವರೆಗೆ ಹೊರಟರೆ ದಾರಿ ಪೂರ್ತಿ ಕತ್ತಲೆ. ಊರೊಳಗೆ ಬೀದಿ ದೀಪ ಇರುತ್ತೆ, ದೇವನಹಳ್ಳಿ ದಾಟಿ ಹಳ್ಳಿ ರಸ್ತೆ ಹಿಡಿದರೆ ನಿಮ್ಮ ಲೈಟ್ ಒಂದೇ.

ಮೊದಲು ಹಿಂದಿನ ಲೈಟ್ ನೋಡಿ. ಮುಂದಿನ ಲೈಟಿಗೆ ದುಡ್ಡು ಸುರಿದು ಹಿಂದೆ ಬರೀ ರಿಫ್ಲೆಕ್ಟರ್ ಬಿಡುವವರೇ ಜಾಸ್ತಿ. ಬೇರೆಯವರ ಹೆಡ್‌ಲೈಟ್ ಬಿದ್ದರೆ ಮಾತ್ರ ಅದು ಹೊಳೆಯುತ್ತದೆ, ಅಲ್ವಾ? ಒಂದು ಕೆಂಪು ಲೈಟ್ ಹಾಕಿ, ಜಾಕೆಟ್ ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳಿ. ಕಾಲಿನ ಗಂಟಿಗೆ ಹೊಳೆಯುವ ಪಟ್ಟಿ ಕಟ್ಟಿ. ಪೆಡಲ್ ತುಳಿದಂತೆ ಅದು ಮೇಲೆ ಕೆಳಗೆ ಆಡುವುದರಿಂದ ಹೋಗುತ್ತಿರುವುದು ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತದೆ. ಮುಂದಿನ ಲೈಟ್ ನೆಲದ ಕಡೆ ಬಾಗಿರಲಿ. ಮಂಜಿನಲ್ಲಿ ಜೋರು ಬೆಳಕು ಬಿಟ್ಟರೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣಲ್ಲ, ಕಮ್ಮಿ ಮಾಡಿ. ಎದುರಿನ ಗಾಡಿ ಹೈ ಬೀಮ್ ಹೊಡೆದರೆ ನಿಧಾನಿಸಿ, ರಸ್ತೆಯ ಎಡ ಅಂಚಿನ ಮೇಲೆ ಕಣ್ಣಿಡಿ.

ಈ ಕಾಲದಲ್ಲಿ ನನಗೆ ಜಾಸ್ತಿ ಭಯ ರಾಗಿ ಒಕ್ಕಣೆಯದ್ದು. ಗಾಡಿ ಹರಿದು ಕಾಳು ಉದುರಲಿ ಅಂತ ತೆನೆಯನ್ನು ಟಾರು ರಸ್ತೆ ಮೇಲೇ ಹರಡಿರುತ್ತಾರೆ, ಹುರುಳಿಯೂ ಹಾಗೇ. ಇಬ್ಬನಿಗೆ ನೆನೆದ ಹುಲ್ಲು ವಿಪರೀತ ಜಾರುತ್ತದೆ. ಕೆಲವೆಡೆ ರಾತ್ರಿ ಎಲ್ಲ ಗುಡ್ಡೆ ಹಾಕಿ, ಟಾರ್ಪಾಲ್ ಮುಚ್ಚಿ, ಗಾಡಿ ಹತ್ತದಿರಲಿ ಅಂತ ಸುತ್ತ ದಪ್ಪ ಕಲ್ಲು ಇಟ್ಟಿರುತ್ತಾರೆ. ಕತ್ತಲಲ್ಲಿ ಟಾರ್ಪಾಲೂ ಕಾಣಲ್ಲ, ಕಲ್ಲೂ ಕಾಣಲ್ಲ. ಮುಂದೆ ಏನೋ ಕಪ್ಪಗೆ ಕಂಡರೆ ಅದರ ಮೇಲೆ ಹತ್ತುವ ಮುಂಚೆಯೇ ಬ್ರೇಕ್ ಹಿಡಿಯಿರಿ. ಹುಲ್ಲಿನ ಮೇಲೆ ಬ್ರೇಕ್ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ. ಇಳಿದು ತಳ್ಳಿಕೊಂಡು ಹೋಗುವುದೇ ವಾಸಿ. ದಾಟಿದ ಮೇಲೆ ಹಿಂದಿನ ಗೇರಿಗೆ ಸುತ್ತಿಕೊಂಡ ಹುಲ್ಲು ಕಿತ್ತು ಹಾಕಿ, ಇಲ್ಲದಿದ್ದರೆ ಚೈನ್ ಸಿಕ್ಕಿಹಾಕಿಕೊಳ್ಳುತ್ತದೆ. ರೈತರ ಜೊತೆ ಸುಮ್ನೆ ಜಗಳಕ್ಕೆ ಹೋಗಬೇಡಿ, ಈಗ ಎಷ್ಟೋ ಹಳ್ಳಿಗಳಲ್ಲಿ ಕಣಕ್ಕೇ ಜಾಗ ಉಳಿದಿಲ್ಲ.

ಊರು ಹತ್ತಿರ ಬಂದರೆ ಬಣ್ಣ ಹೊಡೆಯದ ಹಂಪ್ ಇರುತ್ತದೆ ಅಂತಲೇ ಅಂದುಕೊಳ್ಳಿ. ಕಂಬಳಿ ಹೊದ್ದು ಡೇರಿಗೆ ಹಾಲು ಒಯ್ಯುವವರು ಅದೇ ಹೊತ್ತಿಗೆ ರಸ್ತೆಯಲ್ಲಿರುತ್ತಾರೆ, ಬೆಲ್ ಮಾಡಿ. ಟ್ರ್ಯಾಕ್ಟರ್ ಟ್ರೈಲರ್‌ಗಳಿಗೆ ಹಿಂದೆ ಲೈಟ್ ಇರುತ್ತದೆ ಅಂತ ನಂಬಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ಅಡ್ಡ ಹಿಡಿದು ನಿಲ್ಲಿ.

ಆದಷ್ಟು ಜೊತೆಗೊಬ್ಬರು ಇರಲಿ, ಫೋನಿನಲ್ಲಿ ಚಾರ್ಜ್ ಇರಲಿ. ತುರ್ತಿಗೆ 112. ಮಂಜು ದಟ್ಟವಾಗಿ ಮುಂದಿನ ಕರೆಂಟು ಕಂಬವೂ ಕಾಣದಿದ್ದರೆ ಟೀ ಅಂಗಡಿ ಹತ್ತಿರ ನಿಂತುಬಿಡಿ, ಬೆಳಕಾದ ಮೇಲೆ ಹೊರಡಿ.