ದೂರಕ್ಕೊಂದು ದೀಪ, ಹತ್ತಿರಕ್ಕೊಂದು ದೀಪ

ಕೈಯಲ್ಲಿ ಹಿಡಿಯುವ ದೊಡ್ಡ ಸ್ಪಾಟ್‌ಲೈಟ್ ತಂದ ಮೊದಲ ಕ್ಯಾಂಪಿಂಗ್‌ನಲ್ಲಿ, ಅದರ ಬೆಳಕಲ್ಲೇ ಟೆಂಟ್ ಹಾಕಲು ಹೋದೆವು. ನಮ್ಮ ಮನೆಯವರು ದೀಪ ಹಿಡಿದಿದ್ದರು, ನಾನು ಗೂಟ ಹೊಡೆಯುತ್ತಿದ್ದೆ. ಬೆಳಕು ಬಿದ್ದಲ್ಲಿ ಕಣ್ಣು ಕುಕ್ಕುವಷ್ಟು ಬಿಳುಪು, ಪಕ್ಕದಲ್ಲೇ ಕಗ್ಗತ್ತಲು. ಟೆಂಟಿನ ಹಗ್ಗ ಕಾಣದೆ ಮಗಳು ಎಡವಿ ಬಿದ್ದು ಮಂಡಿ ತರಚಿಕೊಂಡಳು. ಈ ದೀಪ ಇರುವುದು ದೂರ ನೋಡೋಕೆ, ಹತ್ತಿರದ ಕೆಲಸಕ್ಕಲ್ಲ ಅಂತ ಅವತ್ತು ಗೊತ್ತಾಯಿತು.

ಈಗ ಜಾಗ ತಲುಪಿದ ಕೂಡಲೇ ಸಾಮಾನು ಇಳಿಸುವುದಿಲ್ಲ. ಮಕ್ಕಳು ಗಾಡಿಯಲ್ಲೇ ಇರುತ್ತಾರೆ. ನಾನು ದೀಪ ಹಿಡಿದು ನಿಧಾನವಾಗಿ ಒಂದು ಸುತ್ತು ನೋಡುತ್ತೇನೆ. ಮೊದಲು ಮೇಲೆ: ಟೆಂಟ್ ಹಾಕುವ ಜಾಗದ ಮೇಲೆ ಒಣಗಿದ ಕೊಂಬೆ ಇದೆಯಾ? ಸಾಧಾರಣ ಟಾರ್ಚಿಗೆ ಮರದ ತುದಿ ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ನೀರಿನ ಅಂಚು ಎಷ್ಟು ದೂರ, ನೆಲ ಯಾವ ಕಡೆ ಇಳಿಜಾರು, ಗುಂಡಿ ಎಲ್ಲಿದೆ ಅಂತ ನೋಡುತ್ತೇನೆ. ಎರಡು ನಿಮಿಷ ಸಾಕು. ನನ್ನ ಮಟ್ಟಿಗೆ ದೀಪಕ್ಕೆ ಕೊಟ್ಟ ದುಡ್ಡು ಈ ಎರಡು ನಿಮಿಷಕ್ಕೇ ಸಾರ್ಥಕ.

ದೂರದಲ್ಲಿ ಎರಡು ಕಣ್ಣು ಹೊಳೆದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಎಷ್ಟೋ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇರುತ್ತದೆ, ಹೊಳೆಯುವುದು ಅದೇ. ಆದರೆ ಅಷ್ಟು ಬೆಳಕಿಗೆ ಪ್ರಾಣಿ ಕಂಗಾಲಾಗಿ ನಿಂತುಬಿಡಬಹುದು. ಕಂಡ ತಕ್ಷಣ ದೀಪ ಕೆಳಗಿಳಿಸುತ್ತೇವೆ. ಪಕ್ಕದ ಟೆಂಟಿನ ಕಡೆಗಾಗಲಿ, ಮನುಷ್ಯರ ಮುಖಕ್ಕಾಗಲಿ ಹಿಡಿಯುವಂತೆಯೇ ಇಲ್ಲ.

ಕೊಳ್ಳುವಾಗ ನಾನು ಲುಮೆನ್ ಮಾತ್ರ ನೋಡಿದ್ದೆ. ಅದು ಒಟ್ಟು ಬೆಳಕಿನ ಲೆಕ್ಕ. ಬೀಮ್, ಅಂದರೆ ದೀಪ ಬಿಡುವ ಬೆಳಕಿನ ಪಟ್ಟಿ, ಎಷ್ಟು ದೂರ ಹೋಗುತ್ತದೆ ಅನ್ನುವುದು ಕ್ಯಾಂಡೆಲಾ ಮೇಲೆ, ಅಂದರೆ ಒಂದು ದಿಕ್ಕಿಗೆ ಬೆಳಕು ಎಷ್ಟು ತೀವ್ರ ಅನ್ನುವ ಅಳತೆಯ ಮೇಲೆ ನಿಂತಿದೆ. ಎರಡರಷ್ಟು ದೂರ ಬೇಕೆಂದರೆ ನಾಲ್ಕು ಪಟ್ಟು ಕ್ಯಾಂಡೆಲಾ ಬೇಕು. ಡಬ್ಬಿಯ ಮೇಲೆ 1000 ಮೀಟರ್ ಅಂತ ಬರೆದಿದ್ದರೆ, ಆ ಕೊನೆಯಲ್ಲಿ ಉಳಿಯುವುದು 0.25 ಲಕ್ಸ್ (ಬಿದ್ದ ಜಾಗದಲ್ಲಿ ಎಷ್ಟು ಬೆಳಕಿದೆ ಅನ್ನುವ ಅಳತೆ), ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಿನಷ್ಟು. ಅಷ್ಟು ದೂರದಲ್ಲಿ ಆ ಬೆಳಕಲ್ಲಿ ಏನು ಗುರುತಿಸಲು ಆಗುತ್ತದೆ, ಅಲ್ವಾ? ನಾನು ಆ ಅಂಕಿಯ ಅರ್ಧಕ್ಕಿಂತ ಜಾಸ್ತಿ ನಂಬುವುದಿಲ್ಲ.

ಮಂಜಿದ್ದರೆ ಇದು ಕೆಲಸಕ್ಕೆ ಬಾರದು. ಬೆಳಕೆಲ್ಲ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ದೀಪವನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದರೆ ಸ್ವಲ್ಪ ವಾಸಿ.

ಸುತ್ತು ಮುಗಿದ ಮೇಲೆ ದೊಡ್ಡದನ್ನು ಆರಿಸಿ ಸಣ್ಣ ಲಾಟೀನು ಹಚ್ಚುತ್ತೇವೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಸಲ ಜೋರು ಬೆಳಕು ಬಿದ್ದರೆ ಮತ್ತೆ ಮೊದಲಿಂದ. ನಕ್ಷತ್ರ ನೋಡಲು ಕಾಯುತ್ತಾ ಕುಳಿತ ಮಕ್ಕಳಿಗೆ ಇದು ಎಷ್ಟು ಬೇಜಾರು ಅಂತ ನಾನು ಕಂಡಿದ್ದೇನೆ.

ದೊಡ್ಡ ದೀಪದ ಗಾಜು ಸಿಕ್ಕಾಪಟ್ಟೆ ಕಾಯುತ್ತದೆ. ಕಪ್ಪು ಬಟ್ಟೆಗೆ ತೀರಾ ಹತ್ತಿರ ಹಿಡಿದರೆ ಸುಡಬಹುದು. ಬ್ಯಾಗಿನಲ್ಲಿ ಇಡುವಾಗ ಸ್ವಿಚ್ ಲಾಕ್ ಮಾಡುವುದನ್ನು ಮಗಳಿಗೇ ವಹಿಸಿದ್ದೇನೆ, ಅವಳು ಒಮ್ಮೆಯೂ ಮರೆತಿಲ್ಲ. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ, ಅದಕ್ಕೇ ರಾತ್ರಿ ದೀಪ ಟೆಂಟಿನ ಒಳಗೇ ಇರುತ್ತದೆ.

ಕಳೆದ ಸಲ ಮಗ ಮತ್ತು ಅವರಪ್ಪ ನೀರು ತರಲು ಹೋಗಿ ವಾಪಸ್ ಬರುವಾಗ ದಾರಿ ತಪ್ಪಿದರು. ಕೂಗಿದ್ದು ಕೇಳಿಸಿತು, ಯಾವ ಕಡೆಯಿಂದ ಅಂತ ತಿಳಿಯಲಿಲ್ಲ. ಅಂದಾಜಿನ ಮೇಲೆ ಬೀಮ್ ಬಿಟ್ಟು ಅದು ಅವರ ಕಣ್ಣಿಗೇ ಬಿದ್ದರೆ, ಏನೂ ಕಾಣದೆ ಇನ್ನಷ್ಟು ಎಡವುತ್ತಾರೆ. ನಮ್ಮ ಟೆಂಟಿನ ಪಕ್ಕದ ಎತ್ತರದ ಮರದ ನೆತ್ತಿಗೆ ದೀಪ ಹಿಡಿದು ನಿಂತೆ. ಇಡೀ ಮರ ಬೆಳ್ಳಗೆ ಬೆಳಗಿತು. ಹತ್ತು ನಿಮಿಷದಲ್ಲಿ ಇಬ್ಬರೂ ಬಂದರು. ಕೊಡ ಇಳಿಸುತ್ತಾ ಮಗ, "ಅಮ್ಮಾ, ಮರ ಕಾಣಿಸ್ತು" ಅಂದ.